‘ಸೆಲ್ಫ್’ ಮತ್ತೆ ಮತ್ತೆ ಸುಡುವುದೇಕೆ?

ಹಳೆಯ ಕಾರಿರುವ ಮನೆಗಳಲ್ಲಿ ಈ ದೂರು ಹೊಸದಲ್ಲ. ಕೀಲಿ ತಿರುಗಿಸಿದರೆ ‘ಕಟ್’ ಎಂಬ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಮೆಕ್ಯಾನಿಕ್ ಬಂದು ‘ಸೆಲ್ಫ್ ಹೋಗಿದೆ’ ಎನ್ನುತ್ತಾನೆ. ನೀವು ಬಿಚ್ಚಿಸಿ, ಆರ್ಮೇಚರ್ ಸುತ್ತಿಸಿ, ಬ್ರಷ್ ಬದಲಾಯಿಸಿ ಹಾಕಿಸುತ್ತೀರಿ. ಕೆಲವು ತಿಂಗಳಲ್ಲೇ ಮತ್ತೆ ಅದೇ ಕಥೆ. ಹೊಸ ಮೋಟರನ್ನೇ ತಂದು ಹಾಕಿದರೂ ಅದೂ ಸುಡುತ್ತದೆ. ಒಂದು ಭಾಗ ಒಮ್ಮೆ ಕೆಟ್ಟರೆ ಅದು ಆ ಭಾಗದ್ದೇ ದೋಷವಿರಬಹುದು. ಮೂರು ಬಾರಿ ಕೆಟ್ಟರೆ ದೋಷ ಬೇರೆಲ್ಲೋ ಇದೆ ಎಂದು ಶಂಕಿಸಬೇಕು. ಎಲ್ಲಿದೆ? ಅದನ್ನು ತಿಳಿಯಲು ಸೆಲ್ಫ್ ಹುಟ್ಟಿದ ಕಾಲಕ್ಕೆ ಹೋಗಿಬರೋಣ.

ಕೈ ಮುರಿಯುತ್ತಿದ್ದ ಹ್ಯಾಂಡಲ್

ಪೆಟ್ರೋಲ್ ಎಂಜಿನ್‌ಗೆ ಒಂದು ಹುಟ್ಟುಗುಣವಿದೆ. ಅದು ನಿಂತಲ್ಲಿಂದ ತಾನಾಗಿ ಹೊರಡಲಾರದು. ಗಾಳಿ ಮತ್ತು ಪೆಟ್ರೋಲ್ ಆವಿಯ ಮಿಶ್ರಣವನ್ನು ಒಳಗೆ ಎಳೆದು, ಒತ್ತಿ, ಕಿಡಿ ಕೊಟ್ಟ ಮೇಲಷ್ಟೇ ಅದರಿಂದ ಶಕ್ತಿ ಹೊರಡುತ್ತದೆ. ಮೊದಲ ಸುತ್ತನ್ನು ಯಾರಾದರೂ ಹೊರಗಿನಿಂದ ತಿರುಗಿಸಲೇಬೇಕು. ಉಗಿ ಕಾರಿಗೂ ವಿದ್ಯುತ್ ಕಾರಿಗೂ ಈ ತೊಂದರೆ ಇರಲಿಲ್ಲ.

ಆರಂಭದ ದಿನಗಳಲ್ಲಿ ಈ ಕೆಲಸ ಮಾಡುತ್ತಿದ್ದುದು ಕಾರಿನ ಮುಂಭಾಗದಲ್ಲಿ ತೂರಿಸುತ್ತಿದ್ದ ಕಬ್ಬಿಣದ ಹ್ಯಾಂಡಲ್. ಕಿಡಿಯ ಸಮಯ ತುಸು ಮುಂಚಿತವಾಗಿದ್ದರೆ ಪಿಸ್ಟನ್ ಮೇಲಕ್ಕೆ ತಲಪುವ ಮೊದಲೇ ಮಿಶ್ರಣ ಹೊತ್ತಿಕೊಂಡು ಎಂಜಿನ್ ಹಿಮ್ಮುಖವಾಗಿ ಒದೆಯುತ್ತಿತ್ತು. ಆ ಒದೆತಕ್ಕೆ ಹೆಬ್ಬೆರಳು, ಮಣಿಕಟ್ಟು, ಮುಂಗೈ ಮುರಿಯುವುದು ಸಾಮಾನ್ಯವಾಗಿತ್ತು. ಹೆಬ್ಬೆರಳನ್ನು ಹ್ಯಾಂಡಲ್‌ಗೆ ಸುತ್ತದೆ ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟು, ಎಡಗೈಯಿಂದ ಮೇಲಕ್ಕೆ ಎಳೆಯಬೇಕು ಎಂಬುದು ಫೋರ್ಡ್ ‘ಟಿ’ ಮಾದರಿಯ ಚಾಲಕರು ಕಲಿಯುತ್ತಿದ್ದ ಮೊದಲ ಪಾಠಗಳಲ್ಲಿ ಒಂದು.

ಅಮೆರಿಕದ ಕಾರು ತಯಾರಕ ಬೈರನ್ ಕಾರ್ಟರ್ ದಾರಿಯಲ್ಲಿ ಒಬ್ಬ ಮಹಿಳೆಯ ಕಾರಿಗೆ ಹ್ಯಾಂಡಲ್ ಹಾಕಲು ಹೋಗಿ ಪೆಟ್ಟು ತಿಂದು ಸತ್ತನೆಂದೂ, ಅದರಿಂದ ನೊಂದ ಕ್ಯಾಡಿಲಾಕ್ ಕಂಪನಿಯ ಹೆನ್ರಿ ಲೆಲ್ಯಾಂಡ್ ಹ್ಯಾಂಡಲ್ಲನ್ನೇ ತೊಲಗಿಸಲು ನಿಶ್ಚಯಿಸಿದನೆಂದೂ ಒಂದು ಕಥೆ ಪ್ರಚಲಿತವಾಗಿದೆ. ಕಥೆ ಈ ಘಟನೆಯನ್ನು 1910ರ ಚಳಿಗಾಲಕ್ಕೆ ಹೊಂದಿಸುತ್ತದೆ. ಆದರೆ ಕಾರ್ಟರ್ ತೀರಿಕೊಂಡದ್ದು 1908ರಲ್ಲಿ. ಆದ್ದರಿಂದ ಕಥೆಯ ವಿವರಗಳನ್ನು ಎಚ್ಚರದಿಂದ ನೋಡಬೇಕು. ಹ್ಯಾಂಡಲ್‌ನ ಅಪಾಯ ಮಾತ್ರ ಕಥೆಯಲ್ಲ.

ಕ್ಯಾಷ್ ರಿಜಿಸ್ಟರ್ ಕಲಿಸಿದ ಪಾಠ

ವಿದ್ಯುತ್ ಮೋಟರಿನಿಂದ ಎಂಜಿನ್ ತಿರುಗಿಸುವ ಆಲೋಚನೆ ಆಗಲೇ ಹಳೆಯದಾಗಿತ್ತು. ಇಂಗ್ಲೆಂಡಿನ ಎಂಜಿನಿಯರ್ ಡೌಸಿಂಗ್ 1896ರಲ್ಲೇ ಆರ್ನಾಲ್ಡ್ ಎಂಬ ಕಾರಿಗೆ ಇಂಥ ಮೋಟರನ್ನು ಅಳವಡಿಸಿದ್ದ. ಅಮೆರಿಕದಲ್ಲಿ ಕ್ಲೈಡ್ ಕೋಲ್ಮನ್ 1903ರಲ್ಲಿ ಪೇಟೆಂಟ್ ಪಡೆದಿದ್ದ. ತೊಡಕಿದ್ದುದು ಗಾತ್ರದಲ್ಲಿ. ಎಂಜಿನ್ನನ್ನು ತಿರುಗಿಸುವಷ್ಟು ಬಲದ ಮೋಟರ್ ಮತ್ತು ಅದಕ್ಕೆ ತಕ್ಕ ಬ್ಯಾಟರಿ ಕಾರಿನಲ್ಲಿ ಹಿಡಿಸಲಾರವು ಎಂಬುದು ಅಂದಿನ ಸಾಮಾನ್ಯ ಲೆಕ್ಕಾಚಾರ.

ಈ ಲೆಕ್ಕವನ್ನು ಬದಲಿಸಿದವನು ಚಾರ್ಲ್ಸ್ ಕೆಟರಿಂಗ್. ಓಹಿಯೋದ ಡೇಟನ್ ನಗರದ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿಯಲ್ಲಿದ್ದಾಗ ಆತ ಅಂಗಡಿಗಳ ಹಣದ ಯಂತ್ರಕ್ಕೆ ವಿದ್ಯುತ್ ಮೋಟರ್ ಜೋಡಿಸಿದ್ದ. ಹಣದ ಪೆಟ್ಟಿಗೆ ತೆರೆಯಲು ಮೋಟರ್ ದಿನವಿಡೀ ದುಡಿಯಬೇಕಿಲ್ಲ. ಒಂದು ಕ್ಷಣ ಜೋರಾಗಿ ತಿರುಗಿ ನಿಂತರೆ ಸಾಕು. ಅಂಥ ಕ್ಷಣಿಕ ದುಡಿಮೆಗೆ ಚಿಕ್ಕ ಮೋಟರಿನ ಮೇಲೆ ಅದರ ನಿತ್ಯದ ಸಾಮರ್ಥ್ಯಕ್ಕಿಂತ ಹಲವು ಪಟ್ಟು ಭಾರ ಹೇರಬಹುದು. ಕಾರಿನ ಎಂಜಿನ್ ಹೊರಡಿಸುವುದೂ ಕೆಲವೇ ಸೆಕೆಂಡುಗಳ ಕೆಲಸವಲ್ಲವೆ?

ಕೆಟರಿಂಗ್ ಮತ್ತು ಎಡ್ವರ್ಡ್ ಡೀಡ್ಸ್ 1909ರಲ್ಲಿ ಕಟ್ಟಿದ ‘ಡೆಲ್ಕೊ’ ಸಂಸ್ಥೆ 1911ರ ಫೆಬ್ರವರಿಯಲ್ಲಿ ಒಂದು ಕ್ಯಾಡಿಲಾಕ್ ಕಾರನ್ನು ಹ್ಯಾಂಡಲ್ ಇಲ್ಲದೆ ಹೊರಡಿಸಿ ತೋರಿಸಿತು. 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳು ಈ ‘ಸೆಲ್ಫ್ ಸ್ಟಾರ್ಟರ್’ನೊಂದಿಗೆ ಮಾರುಕಟ್ಟೆಗೆ ಬಂದವು. ನಮ್ಮ ಗ್ಯಾರೇಜುಗಳ ‘ಸೆಲ್ಫ್’ ಆ ಹೆಸರಿನ ಮೊದಲರ್ಧ. ಅದರಲ್ಲಿ ಒಂದೇ ಯಂತ್ರ 24 ವೋಲ್ಟ್‌ನಲ್ಲಿ ಎಂಜಿನ್ ತಿರುಗಿಸುತ್ತಿತ್ತು; ಎಂಜಿನ್ ಹೊರಟ ಮೇಲೆ ಡೈನಮೊ ಆಗಿ 6 ವೋಲ್ಟ್‌ನಲ್ಲಿ ಬ್ಯಾಟರಿಗೆ ಚಾರ್ಜ್ ಮಾಡುತ್ತಿತ್ತು. ಕೆಟರಿಂಗ್‌ಗೆ ಪೇಟೆಂಟ್ ದೊರೆತದ್ದು 1915ರಲ್ಲಿ. 1919ರಲ್ಲಿ ಫೋರ್ಡ್ ‘ಟಿ’ ಮಾದರಿಗೂ ವಿದ್ಯುತ್ ಸ್ಟಾರ್ಟರ್ ಬಂತು.

ಅಲ್ಪಾವಧಿಯ ಕರಾರು

ಹೀಗೆ ಸೆಲ್ಫ್ ಒಂದು ಕರಾರಿನ ಮೇಲೆ ಹುಟ್ಟಿತು: ‘ಚಿಕ್ಕವನಾಗಿದ್ದೂ ದೊಡ್ಡ ಕೆಲಸ ಮಾಡುತ್ತೇನೆ, ಆದರೆ ಕೆಲವೇ ಸೆಕೆಂಡು ಮಾತ್ರ.’ ಈ ಕರಾರನ್ನು ಅಂಕಿಗಳಲ್ಲಿ ನೋಡಿ. 200 ಆಂಪಿಯರ್ ವಿದ್ಯುತ್ತನ್ನು 10 ವೋಲ್ಟ್‌ನಲ್ಲಿ ಮೋಟರ್ ಎಳೆದುಕೊಂಡರೆ ಅದು 2,000 ವಾಟ್. ಇದರಲ್ಲಿ ಅರ್ಧ ಉಷ್ಣವಾಗಿ ಹೋಗುತ್ತದೆ ಎಂದಿಟ್ಟುಕೊಳ್ಳಿ. ಆ ಉಷ್ಣವೆಲ್ಲ ಸುರುಳಿಗಳ 1 ಕಿಲೋಗ್ರಾಂ ತಾಮ್ರದಲ್ಲೇ ಉಳಿದರೆ 10 ಸೆಕೆಂಡಿನಲ್ಲಿ ತಾಪ ಸುಮಾರು 26 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಅದು ಹಾನಿಯಲ್ಲ. ಒಂದು ನಿಮಿಷ ಬಿಡದೆ ಹೊಡೆದರೆ ಏರಿಕೆ 150 ಡಿಗ್ರಿ ದಾಟುತ್ತದೆ! ಎಂಜಿನ್ ಪಕ್ಕದ ಬಿಸಿಯೂ ಇದಕ್ಕೆ ಸೇರಿದರೆ ತಂತಿಯ ಮೇಲಿನ ನಿರೋಧಕ ಲೇಪ ಸುಡುತ್ತದೆ, ಬೆಸುಗೆ ಸಡಿಲವಾಗುತ್ತದೆ.

ಮುಂದಿನ ಸುಧಾರಣೆಗಳೆಲ್ಲ ಈ ಕರಾರನ್ನು ಕಾಯುವ ಉಪಾಯಗಳೇ. ಮೋಟರಿನ ಪುಟ್ಟ ಪಿನಿಯನ್ ಗಿಯರ್ ಫ್ಲೈವೀಲ್‌ನ ಹಲ್ಲುಗಳನ್ನು ಹಿಡಿಯುತ್ತದೆ. ಪಿನಿಯನ್ ಹತ್ತು ಸುತ್ತಿದರೆ ಎಂಜಿನ್ ಸುಮಾರು ಒಂದು ಸುತ್ತುತ್ತದೆ. ಎಂಜಿನ್ ಹೊತ್ತಿಕೊಂಡು 2,000 ಸುತ್ತಿಗೆ ಏರಿದಾಗಲೂ ಪಿನಿಯನ್ ಕಚ್ಚಿಕೊಂಡೇ ಇದ್ದರೆ ಮೋಟರ್ ನಿಮಿಷಕ್ಕೆ 20,000 ಸುತ್ತು ತಿರುಗಬೇಕಾಗುತ್ತದೆ. ಆರ್ಮೇಚರಿನ ಸುರುಳಿಗಳು ಕಿತ್ತು ಹೊರಬರುತ್ತವೆ. 1910ರ ದಶಕದಲ್ಲಿ ಬಳಕೆಗೆ ಬಂದ ವಿನ್ಸೆಂಟ್ ಬೆಂಡಿಕ್ಸ್‌ನ ಸುರುಳಿ ಮರೆಯ ವ್ಯವಸ್ಥೆ ಪಿನಿಯನ್ ತಾನಾಗಿ ಮುಂದೆ ಸರಿದು, ಎಂಜಿನ್ ಹೊರಟೊಡನೆ ಹಿಂದೆ ಬರುವಂತೆ ಮಾಡಿತು. ಅನಂತರ ಸಾಲಿನಾಯ್ಡ್ ಮತ್ತು ಒಂದೇ ದಿಕ್ಕಿಗೆ ಬಲ ಸಾಗಿಸುವ ಕ್ಲಚ್ ಬಂದವು. 1950ರ ದಶಕದಲ್ಲಿ ಅಮೆರಿಕದ ಕಾರುಗಳು 6 ವೋಲ್ಟ್‌ನಿಂದ 12 ವೋಲ್ಟ್‌ಗೆ ಬದಲಾದವು. ಅಷ್ಟೇ ಶಕ್ತಿಗೆ ಅರ್ಧ ಪ್ರವಾಹ ಸಾಕಾದ್ದರಿಂದ ಅದೇ ಕೇಬಲ್‌ನಲ್ಲಿ ನಷ್ಟ ಕಾಲು ಭಾಗಕ್ಕಿಳಿಯಿತು.

ಕರಾರು ಮುರಿಯುವವರು ಯಾರು?

ಈಗ ಮೊದಲಿನ ಪ್ರಶ್ನೆಗೆ ಬನ್ನಿ. ಸೆಲ್ಫ್ ಪದೇ ಪದೇ ಸುಟ್ಟರೆ ಯಾವುದೋ ಒಂದು ಕಾರಣ ಆ ಕರಾರನ್ನು ಮುರಿಯುತ್ತಿದೆ.

ಒಂದು, ಸಡಿಲ ಅಥವಾ ಕಿಲುಬು ಹಿಡಿದ ಜೋಡಣೆ. ಒಂದು ಜೋಡಣೆಯಲ್ಲಿ ಕೇವಲ 0.01 ಓಮ್ ರೋಧವಿದ್ದರೆ 200 ಆಂಪಿಯರ್ ಹರಿಯುವಾಗ 2 ವೋಲ್ಟ್ ಅಲ್ಲೇ ನಷ್ಟ. 400 ವಾಟ್ ಉಷ್ಣವೂ ಅಲ್ಲೇ. ಎಂಜಿನ್ನಿನ ಭಾರ ಅಷ್ಟೇ ಇರುವುದರಿಂದ ಮೋಟರ್ ಎಳೆಯುವ ಪ್ರವಾಹ ಹೆಚ್ಚೇನೂ ಇಳಿಯದು. ವೇಗ ಮಾತ್ರ ಕುಸಿಯುತ್ತದೆ. ನಿಧಾನ ತಿರುಗಿದ ಎಂಜಿನ್ ಹೊತ್ತಿಕೊಳ್ಳದು. ನೀವು ಕೀಲಿ ಹಿಡಿದೇ ಇರುತ್ತೀರಿ. ಎರಡು ಸೆಕೆಂಡಿನ ಕೆಲಸ ಇಪ್ಪತ್ತು ಸೆಕೆಂಡಿಗೆ ಬೆಳೆಯುತ್ತದೆ. ಹಳೆಯ ಕಾರುಗಳಲ್ಲಿ ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿ ಹೀಗೆ ಮರೆತುಹೋದ ಜಾಗ. ದಳದಳ ಉದುರಿದ ಆ ಪಟ್ಟಿಯನ್ನು ಯಾರೂ ನೋಡುವುದಿಲ್ಲ.

ಎರಡು, ದುರ್ಬಲ ಬ್ಯಾಟರಿ. ವಿಭವ ಕುಸಿದಾಗ ಸಾಲಿನಾಯ್ಡ್ ಹಿಡಿದು ಬಿಟ್ಟು ‘ಕಟಕಟ’ ಎನ್ನುತ್ತದೆ. ಪ್ರತಿ ಬಾರಿಯೂ ಅದರೊಳಗಿನ ಸಂಪರ್ಕ ಬಿಲ್ಲೆಗಳಲ್ಲಿ ಕಿಡಿ ಹಾರಿ ಗುಳಿ ಬೀಳುತ್ತದೆ. ಒಮ್ಮೊಮ್ಮೆ ಬಿಲ್ಲೆಗಳು ಬೆಸೆದುಕೊಂಡು ಮೋಟರ್ ನಿಲ್ಲದೇ ತಿರುಗುತ್ತದೆ.

ಮೂರು, ಎಂಜಿನ್ನಿನದೇ ದೋಷ. ಪ್ಲಗ್, ಕಾರ್ಬ್ಯುರೇಟರ್ ಸರಿಯಿಲ್ಲದೆ ಎಂಜಿನ್ ತಡವಾಗಿ ಹಿಡಿದರೆ ಶಿಕ್ಷೆ ಸೆಲ್ಫ್‌ಗೆ. ಕಿಡಿಯ ಸಮಯ ಮುಂಚಿತವಾಗಿದ್ದರೆ ಅಂದು ಮುಂಗೈ ಮುರಿಯುತ್ತಿದ್ದ ಅದೇ ಒದೆತ ಇಂದು ಪಿನಿಯನ್ ಹಲ್ಲನ್ನೋ ಸೆಲ್ಫ್‌ನ ಮೂತಿಯ ಕವಚವನ್ನೋ ಮುರಿಯುತ್ತದೆ.

ನಾಲ್ಕು, ಸುತ್ತಲಿನ ಪರಿಸರ. ಸೋರುವ ಎಂಜಿನ್ ಆಯಿಲ್ ಬ್ರಷ್‌ಗಳ ಮೇಲೆ ಇಳಿದು ಇಂಗಾಲದ ಪುಡಿಯೊಂದಿಗೆ ಕೆಸರಾಗುತ್ತದೆ. ಸವೆದ ಫ್ಲೈವೀಲ್ ಹಲ್ಲುಗಳು ಹೊಸ ಪಿನಿಯನ್ನನ್ನೂ ಬೇಗ ತಿಂದುಹಾಕುತ್ತವೆ. ಬುಷ್ ಸವೆದರೆ ಆರ್ಮೇಚರ್ ಓಲಾಡಿ ಸುತ್ತಲಿನ ಕಬ್ಬಿಣಕ್ಕೆ ಉಜ್ಜುತ್ತದೆ.

ಬಿಚ್ಚುವ ಮೊದಲು ಅಳೆಯಿರಿ

ಸಾಧಾರಣ ಮಲ್ಟಿಮೀಟರ್ ಸಾಕು. ಗಿಯರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ, ಎಂಜಿನ್ ಹೊತ್ತಿಕೊಳ್ಳದಂತೆ ಇಗ್ನಿಷನ್ ಸಂಪರ್ಕ ತಪ್ಪಿಸಿ. ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಮೀಟರ್ ನೋಡಲಿ.

ಮೊದಲು ಬ್ಯಾಟರಿಯ ಎರಡು ಧ್ರುವಗಳ ನಡುವೆ ಅಳೆಯಿರಿ. ಸೆಲ್ಫ್ ತಿರುಗುವಾಗ ಸುಮಾರು 9.6 ವೋಲ್ಟ್‌ಗಿಂತ ಕೆಳಗೆ ಇಳಿಯಬಾರದು. ಅನಂತರ ಬ್ಯಾಟರಿಯ ಧನ ಧ್ರುವದಿಂದ ಸೆಲ್ಫ್‌ನ ದಪ್ಪ ತಂತಿಯ ಬೋಲ್ಟ್‌ವರೆಗೆ ನೋಡಿ. ನಷ್ಟ ಅರ್ಧ ವೋಲ್ಟ್ ಮೀರಬಾರದು. ಕೊನೆಗೆ ಋಣ ಧ್ರುವದಿಂದ ಸೆಲ್ಫ್‌ನ ಕವಚದವರೆಗೆ ನೋಡಿ, ಇಲ್ಲಿ 0.2-0.3 ವೋಲ್ಟ್ ಮಿತಿ. ಮಿತಿ ಮೀರಿದ ಕಡೆಯ ಕೇಬಲ್, ಜೋಡಣೆಗಳನ್ನು ಉಜ್ಜಿ ಬಿಗಿ ಮಾಡಿ ಮತ್ತೆ ಅಳೆಯಿರಿ. ಮೂರೂ ಸರಿಯಿದ್ದೂ ಎಂಜಿನ್ ನಿಧಾನವಾಗಿ ತಿರುಗಿದರೆ ಆಗ ಸೆಲ್ಫ್ ಅಥವಾ ಬಿಗಿಹಿಡಿದ ಎಂಜಿನ್ ಕಡೆ ಗಮನ ಕೊಡಿ. ಸೆಲ್ಫ್ ಬಿಚ್ಚಿದಾಗ ಫ್ಲೈವೀಲನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಎಲ್ಲ ಹಲ್ಲುಗಳನ್ನೂ ನೋಡುವುದನ್ನು ಮರೆಯಬೇಡಿ.

ಇನ್ನು ಮುಂದೆ ಕೀಲಿಯನ್ನು ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ. ಎಂಜಿನ್ ಹಿಡಿಯದಿದ್ದರೆ ಒಂದೆರಡು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ. ಇಂದಿನ ಹೈಬ್ರಿಡ್ ಕಾರುಗಳಲ್ಲಿ ಎಂಜಿನ್ ಹೊರಡಿಸುವುದೂ ಬ್ಯಾಟರಿಗೆ ಚಾರ್ಜ್ ಮಾಡುವುದೂ ಮತ್ತೆ ಒಂದೇ ಯಂತ್ರದ ಕೆಲಸವಾಗಿದೆ. 1912ರ ಕ್ಯಾಡಿಲಾಕ್‌ನಲ್ಲಿದ್ದ ಉಪಾಯ ಹೊಸ ರೂಪದಲ್ಲಿ ಬಂದಿದೆ. ನಿಮ್ಮ ಹಳೆಯ ಕಾರಿನ ಸೆಲ್ಫ್ ಮಾತ್ರ ಇನ್ನೂ ಕೆಟರಿಂಗ್‌ನ ಕರಾರಿಗೇ ಬದ್ಧ. ನಾಲ್ಕನೇ ಬಾರಿ ಮೋಟರ್ ಕೊಳ್ಳುವ ಮೊದಲು ಒಂದು ಅರ್ತ್ ಪಟ್ಟಿಯ ಬೆಲೆ ವಿಚಾರಿಸಿ ನೋಡಿ.