ಹವಳದ ಬಂಡೆಯೊಳಗಿನ ಬೆಳೆ

ಜಪಾನಿನ ದಕ್ಷಿಣ ತುದಿಯ ಒಕಿನಾವ ದ್ವೀಪಗಳಲ್ಲಿ, ಹವಳದ ಬಂಡೆಯನ್ನು ಕೊರೆದು ಅದರೊಳಗೇ ಹುದುಗಿ ಬದುಕುವ ಕಪ್ಪೆಚಿಪ್ಪೊಂದಿದೆ. ಅಲ್ಲಿನವರಿಗೆ ಅದು ಹಿಮೆಜಾಕೊ. ಶಾಸ್ತ್ರೀಯ ಹೆಸರು ಟ್ರೈಡಾಕ್ನಾ ಕ್ರೋಸಿಯ. ಒಂದು ಮೀಟರಿಗೂ ಮೀರಿ ಬೆಳೆಯುವ ದೈತ್ಯ ಕಪ್ಪೆಚಿಪ್ಪುಗಳ ಬಳಗಕ್ಕೆ ಸೇರಿದ್ದರೂ ಇದು ಸುಮಾರು 15 ಸೆಂಟಿಮೀಟರಿಗೆ ನಿಂತುಬಿಡುತ್ತದೆ. ಬಂಡೆಯ ಸೀಳಿನಿಂದ ಹೊರಚಾಚುವ ಅದರ ನೀಲಿ, ಹಸಿರು, ನೇರಳೆ ಬಣ್ಣದ ತುಟಿಯಲ್ಲಿ ಕೋಟಿಗಟ್ಟಲೆ ಸೂಕ್ಷ್ಮ ಪಾಚಿಗಳಿರುತ್ತವೆ. ಅವು ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆಯ ದೊಡ್ಡ ಪಾಲು ಚಿಪ್ಪುಜೀವಿಗೆ ಸಲ್ಲುತ್ತದೆ. ನಮ್ಮ ಕರಾವಳಿಯ ಅಳಿವೆಗಳಲ್ಲಿ ಹೆಕ್ಕುವ ಮರುವಾಯಿ ನೀರನ್ನು ಸೋಸಿಯೇ ಹೊಟ್ಟೆ ಹೊರೆಯಬೇಕು. ಹಿಮೆಜಾಕೊ ಸೋಸುವುದರ ಜೊತೆಗೆ ಬೆಳಕನ್ನೂ ಉಣ್ಣುತ್ತದೆ. ಆಳವಿಲ್ಲದ, ತಿಳಿಯಾದ ನೀರನ್ನು ಬಿಟ್ಟು ಅದಕ್ಕೆ ಬದುಕಿಲ್ಲದಿರುವುದೂ ಮನುಷ್ಯನ ಕೈಗೆ ಅಷ್ಟು ಸುಲಭವಾಗಿ ಸಿಕ್ಕಿದ್ದೂ ಇದೇ ಕಾರಣಕ್ಕೆ.

ಈ ಬಳಗದೊಂದಿಗೆ ದ್ವೀಪದವರ ನಂಟು ಬಹಳ ಹಳೆಯದು. ಮಿಯಾಕೊ ದ್ವೀಪದ ಉರಸೊಕೊ ಎಂಬಲ್ಲಿ ನಡೆದ ಉತ್ಖನನದಲ್ಲಿ ದೊಡ್ಡ ಜಾತಿಯ ಚಿಪ್ಪಿನ ದಪ್ಪ ಕೀಲನ್ನು ಉಜ್ಜಿ ಮಾಡಿದ, ಸುಮಾರು 2,500 ವರ್ಷ ಹಿಂದಿನ ಬಾಚಿಗಳು ಸಿಕ್ಕಿವೆ. ಚಿಪ್ಪನ್ನು ಮನೆಯ ಬಾಗಿಲಲ್ಲೋ ಗೋಡೆಯ ಮೇಲೋ ಇಟ್ಟರೆ ಕೇಡು ತಟ್ಟದೆಂಬ ನಂಬಿಕೆ ಒಕಿನಾವದಲ್ಲಿದೆ. ಹಿಮೆಜಾಕೊ ಮಾತ್ರ ಮೊದಲಿನಿಂದಲೂ ಊಟದ ತಟ್ಟೆಯದು. ಅದನ್ನು ಹಸಿಯಾಗಿಯೇ ತೆಳ್ಳಗೆ ಕೊಯ್ದು ತಿನ್ನುತ್ತಾರೆ.

ಒಳಗಿನ ಪಾಚಿಯ ಗುಟ್ಟು ತಿಳಿಯಲು ಕಾಲ ಹಿಡಿಯಿತು. ಫ್ರಾನ್ಸಿನ ಲಾಮಾರ್ಕ್ ಈ ಜಾತಿಗೆ ಹೆಸರಿಟ್ಟದ್ದು 1819ರಲ್ಲಿ. ಈ ಬಳಗದ ಮೈಯಲ್ಲಿ ಪಾಚಿಗಳಿವೆಯೆಂದು ಜರ್ಮನಿಯ ಬ್ರಾಕ್ ಗುರುತಿಸಿದ್ದು 1888ರಲ್ಲಿ. 1928–29ರಲ್ಲಿ ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ಗೆ ಹೋದ ಸಂಶೋಧನಾ ತಂಡದ ನಾಯಕ ಸಿ. ಎಂ. ಯಂಗ್, ಚಿಪ್ಪುಜೀವಿ ಪಾಚಿಯನ್ನು ಸಾಕಿ ಆಮೇಲೆ ಅದನ್ನೇ ಜೀರ್ಣಿಸಿಕೊಳ್ಳುತ್ತದೆ ಎಂದು ವಾದಿಸಿದರು. ಪಾಚಿ ಜೀವಂತವಾಗಿದ್ದುಕೊಂಡೇ ಆಹಾರ ಒದಗಿಸುತ್ತದೆ ಎಂಬುದನ್ನು ನಂತರದ ಪ್ರಯೋಗಗಳು ತೋರಿಸಿದವು. ಈ ತಿದ್ದುಪಡಿಯ ಬೆಲೆ ಚಿಕ್ಕದಲ್ಲ. ಮೇವು ಹಾಕದೆ ಬೆಳೆಸಬಹುದಾದ ಪ್ರಾಣಿಯೊಂದು ಕಣ್ಣೆದುರಿಗಿದೆ ಎಂಬ ಅರಿವು ಅದರಿಂದ ಗಟ್ಟಿಯಾಯಿತು.

ಆ ಅರಿವು ಬೇಕಾಗಿ ಬಂದದ್ದು ಹಿಮೆಜಾಕೊ ಸಂಪತ್ತು ಕರಗುತ್ತಿದ್ದ ಹೊತ್ತಿನಲ್ಲಿ. 1972ರಲ್ಲಿ ಒಕಿನಾವ ಅಮೆರಿಕದ ಆಡಳಿತದಿಂದ ಮರಳಿ ಜಪಾನಿಗೆ ಸೇರಿತು. ಪ್ರವಾಸಿಗರು ಹೆಚ್ಚಿದರು, ಬೇಡಿಕೆಯೂ ಏರಿತು. ಬಂಡೆಗೆ ಅಂಟಿಕೊಂಡ ಜೀವಿ ಓಡಿ ತಪ್ಪಿಸಿಕೊಳ್ಳಲಾರದು. ಮುಳುಗುಗಾರರು ಕಬ್ಬಿಣದ ಸಲಾಕೆಯಿಂದ ಅದನ್ನು ಕಿತ್ತು ತೆಗೆಯುತ್ತಾ ಹೋದರು. 1970ರ ದಶಕದಲ್ಲಿ ವರ್ಷಕ್ಕೆ ನೂರಾರು ಟನ್ ಇದ್ದ ಇಳುವರಿ ಇಪ್ಪತ್ತು ವರ್ಷಗಳಲ್ಲಿ ಹತ್ತಾರು ಟನ್ನುಗಳಿಗೆ ಕುಸಿಯಿತು. 8 ಸೆಂಟಿಮೀಟರಿಗಿಂತ ಚಿಕ್ಕದನ್ನು ಹಿಡಿಯಕೂಡದು, ಜೂನ್‌ನಿಂದ ಆಗಸ್ಟ್‌ವರೆಗೆ ಮುಟ್ಟಲೇಕೂಡದು ಎಂಬ ನಿಯಮಗಳು ಬಂದವು.

ಇಶಿಗಾಕಿ ದ್ವೀಪದ ಸರ್ಕಾರಿ ಮೀನುಗಾರಿಕಾ ಸಂಶೋಧನಾ ಕೇಂದ್ರ ಮರಿಗಳನ್ನು ಬೆಳೆಸುವ ಕೆಲಸಕ್ಕೆ ಕೈಹಾಕಿತು. ಈ ಜೀವಿ ಉಭಯಲಿಂಗಿ. ಮೊದಲು ವೀರ್ಯ, ಆಮೇಲೆ ಮೊಟ್ಟೆ ಬಿಡುತ್ತದೆ. ಮೊಟ್ಟೆಯಲ್ಲಿ ಪಾಚಿ ಇರುವುದಿಲ್ಲ. ಪ್ರತಿ ಪೀಳಿಗೆಯೂ ಅದನ್ನು ಸಮುದ್ರದ ನೀರಿನಿಂದಲೇ ನುಂಗಿ ಪಡೆಯಬೇಕು. ಹಾಗಾಗಿ ಮರಿಕೇಂದ್ರಗಳಲ್ಲಿ ಬಲಿತ ಚಿಪ್ಪಿನ ಅಂಗಾಂಶವನ್ನು ಅರೆದು, ಅದರಿಂದ ಸೋಸಿದ ಪಾಚಿಯನ್ನು ಎಳೆಮರಿಗಳಿಗೆ ಉಣಿಸುವ ಪದ್ಧತಿ ಬೆಳೆಯಿತು. ಇನ್ನೊಂದು ತೊಡಕೂ ಇತ್ತು. ಬಂಡೆಯ ಮೇಲೆ ಸುಮ್ಮನೆ ಬಿಟ್ಟ ಮರಿಗಳನ್ನು ಮೀನು, ಏಡಿಗಳು ಉಳಿಸುವುದಿಲ್ಲ. ಇದಕ್ಕೆ ಕಂಡುಕೊಂಡ ಉಪಾಯ ಸರಳ, ಆದರೆ ಮೈಮುರಿಯುವಂಥದ್ದು: ನೀರಿನೊಳಗೆ ಡ್ರಿಲ್ ಹಿಡಿದು ಬಂಡೆಯಲ್ಲಿ ಸಣ್ಣ ಕುಳಿಗಳನ್ನು ಕೊರೆದು, ಒಂದೊಂದರಲ್ಲೂ ಭತ್ತದ ಸಸಿ ನೆಟ್ಟಂತೆ ಮರಿಗಳನ್ನು ಕೂರಿಸುವುದು. ಅಲ್ಲಿಂದ ಮುಂದೆ ಮರಿ ತಾನೇ ಆಮ್ಲ ಒಸರಿ ಕುಳಿಯನ್ನು ಅಗಲ ಮಾಡಿಕೊಳ್ಳುತ್ತದೆ.

ಇಂಥ ಯತ್ನ ಒಕಿನಾವಕ್ಕಷ್ಟೇ ಸೀಮಿತವಾಗಿರಲಿಲ್ಲ. ಪೆಸಿಫಿಕ್ ಸಾಗರದ ಪಲಾವು ದ್ವೀಪಗಳಲ್ಲಿ 1980ರ ದಶಕದಲ್ಲಿ ದೊಡ್ಡ ಜಾತಿಗಳ ಮರಿಗಳನ್ನು ಭಾರೀ ಪ್ರಮಾಣದಲ್ಲಿ ಬೆಳೆಸಿದರು. ಸಾಲೊಮನ್ ದ್ವೀಪಗಳಲ್ಲಿ 1987ರಲ್ಲಿ ಶುರುವಾದ ಕೇಂದ್ರ ಹಳ್ಳಿಗರಿಗೆ ಮರಿ ಹಂಚಿತು. ಅವರು ಬೆಳೆಸಿದ ಚಿಪ್ಪುಗಳಲ್ಲಿ ಬಣ್ಣ ಚೆನ್ನಾಗಿರುವವು ಅಕ್ವೇರಿಯಂ ಪೇಟೆಗೆ ಹೋದವು. ಸಮುದ್ರದಲ್ಲಿ ಸಹಜವಾಗಿ ಬೆಳೆಯುವ ಚಿಪ್ಪುಗಳ ಮೇಲಿನ ಒತ್ತಡ ತಗ್ಗಿಸಲು 1985ರಿಂದ ಇಡೀ ಬಳಗವೇ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಅಂದರೆ ಪರವಾನಗಿ ಇಲ್ಲದೆ ಗಡಿ ದಾಟಿಸುವಂತಿಲ್ಲ.

ಆದರೂ ಬೆಚ್ಚಗಾಗುತ್ತಿರುವ ಸಮುದ್ರಕ್ಕೆ ಮರಿಕೇಂದ್ರಗಳಲ್ಲಿ ಉತ್ತರವಿಲ್ಲ. 1998ರಲ್ಲಿ ನೀರಿನ ತಾಪ ಏರಿ ಹವಳಗಳು ಬಿಳಿಚಿಕೊಂಡಾಗ ಈ ಬಳಗದ ಚಿಪ್ಪುಗಳೂ ತಮ್ಮ ಪಾಚಿಯನ್ನು ಕಳೆದುಕೊಂಡವು. ಭಾರತದಲ್ಲೂ ಲಕ್ಷದ್ವೀಪ, ಅಂಡಮಾನ್‌ಗಳಲ್ಲಿ ಇದರ ಹತ್ತಿರದ ಬಂಧುಗಳಿವೆ. ಟ್ರೈಡಾಕ್ನಾ ಮ್ಯಾಕ್ಸಿಮ ಮತ್ತು ಸ್ಕ್ವಾಮೋಸಗಳು 2001ರಲ್ಲಿ ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಗೆ ಸೇರಿದವು. ಅವುಗಳನ್ನು ಕೀಳುವುದೂ ಮಾರುವುದೂ ಇಲ್ಲಿ ಅಪರಾಧ.