ಬಳ್ಳಿಗೆ ಬಂಗಲೆ ಇರಲಿಲ್ಲ

ನವಿ ಮುಂಬಯಿಯ ಬೇಲಾಪುರದ ಫ್ಲ್ಯಾಟು ಮಾರಿ ಊರ ಕಡೆ ಹತ್ತೆಕರೆ ದ್ರಾಕ್ಷಿ ತೋಟ ಕೊಳ್ಳುವುದು, ಅಲ್ಲೇ ನಾಲ್ಕು ಕೋಣೆ ಕಟ್ಟಿಸಿ ಅತಿಥಿಗಳನ್ನು ಇಳಿಸಿಕೊಳ್ಳುವುದು: ಈ ಲೆಕ್ಕ ಈಗ ಸಲೀಸಾಗಿ ಬಾಯಿಗೆ ಬರುತ್ತದೆ. ಚಿಕ್ಕಮಗಳೂರಿನ ಕಾಫಿ ಎಸ್ಟೇಟಿನ ಹೋಮ್‌ಸ್ಟೇ ಕಂಡವರಿಗೆ, ಕಾಫಿಗಾದದ್ದು ದ್ರಾಕ್ಷಿಗೆ ಏಕಾಗಬಾರದು ಎನ್ನಿಸುವುದು ಸಹಜ. ಆದರೆ ನಮ್ಮ ಮಾತನ್ನೇ ಗಮನಿಸಿ. ಕಾಫಿಗೆ ‘ಎಸ್ಟೇಟ್’ ಎನ್ನುತ್ತೇವೆ. ದ್ರಾಕ್ಷಿಗೆ ಬಯಲುಸೀಮೆಯಲ್ಲಿ ‘ತೋಟ’, ವಿಜಯಪುರದ ಕಡೆ ‘ಪಡ’. ಒಂದು ಮಾತಿನಲ್ಲಿ ದೂರದ ಒಡೆಯನಿದ್ದಾನೆ, ಇನ್ನೊಂದರಲ್ಲಿ ಬೆಳಗಾದರೆ ಸಾಲಿಗಿಳಿಯುವ ರೈತ. ಈ ವ್ಯತ್ಯಾಸವನ್ನು ಮಣ್ಣು, ಮಳೆಗಳಿಗಿಂತ ಹೆಚ್ಚಾಗಿ ಭೂಕಾನೂನು ಉಳಿಸಿಕೊಂಡು ಬಂದಿದೆ ಎಂಬುದು ನನ್ನ ವಾದ.

ವಿಚಿತ್ರವೆಂದರೆ, ಬೇಲಾಪುರ ಮತ್ತು ವಿಜಯಪುರ ಒಂದು ಕಾಲಕ್ಕೆ ಒಂದೇ ಕಾನೂನಿನ ಕೆಳಗಿದ್ದವು. 1956ರ ನವೆಂಬರ್ 1ರವರೆಗೆ ಎರಡೂ ಮುಂಬಯಿ ರಾಜ್ಯದ ಊರುಗಳು. ಆ ರಾಜ್ಯ 1948ರಲ್ಲಿ ತಂದ ಗೇಣಿ ಮತ್ತು ಕೃಷಿಭೂಮಿ ಕಾಯ್ದೆಯ 63ನೇ ಕಲಮು, ಕಲೆಕ್ಟರರ ಅನುಮತಿಯಿಲ್ಲದೆ ಕೃಷಿಕರಲ್ಲದವರಿಗೆ ಸಾಗುವಳಿ ಭೂಮಿ ಮಾರಬಾರದೆಂದು ತಡೆಯಿತು. ರಾಜ್ಯ ಬೇರೆಯಾದರೂ ಬೇಲಿ ಕಳಚಲಿಲ್ಲ. 1965ರಲ್ಲಿ ಜಾರಿಗೆ ಬಂದ ಕರ್ನಾಟಕದ ಭೂಸುಧಾರಣಾ ಕಾಯ್ದೆಯ 80ನೇ ಕಲಮು ಅದೇ ತಡೆಯನ್ನು ಮುಂದುವರಿಸಿತು. 1974ರ ತಿದ್ದುಪಡಿಯ 79ಎ, 79ಬಿ ಕಲಮುಗಳು ಅದನ್ನು ಇನ್ನಷ್ಟು ಬಿಗಿ ಮಾಡಿದವು. ಬೇರೆ ಮೂಲದ ಆದಾಯ ಮಿತಿ ಮೀರಿದವರು ಹೊಲ ಕೊಳ್ಳುವಂತಿರಲಿಲ್ಲ. ಎರಡು ಲಕ್ಷದ ಆ ಮಿತಿ 2015ರಲ್ಲಿ ಇಪ್ಪತ್ತೈದು ಲಕ್ಷಕ್ಕೇರಿತು. ಅಲ್ಲಿಯವರೆಗೆ ಸಾಧಾರಣ ಬ್ಯಾಂಕ್ ನೌಕರನಿಗೂ ಬಾಗಿಲು ಹಾಕಿಯೇ ಇತ್ತು. ವಿಜಯಪುರದ ರೈತ ತನ್ನ ಪಹಣಿಗೆ ಇಂದಿಗೂ ‘ಉತಾರ’ ಎನ್ನುತ್ತಾನೆ, ಬೇಲಾಪುರದ ಹಳ್ಳಿಗ ‘ಸಾತ್‌ಬಾರಾ ಉತಾರಾ’ ಎನ್ನುತ್ತಾನೆ. ಆ ಒಂದು ಹಾಳೆಯ ಮೇಲೆ ಹೆಸರಿದ್ದವನೇ ಹೊಲದ ವ್ಯಾಪಾರಕ್ಕೆ ಅರ್ಹನಾಗಿದ್ದ.

ಈ ಬೇಲಿಯಲ್ಲಿ ಒಂದು ಗಂಡಿ ಇತ್ತು, ಅದು ಮಲೆನಾಡಿನ ಕಡೆಗೆ ತೆರೆದಿತ್ತು. ಕರ್ನಾಟಕದ ಕಾಯ್ದೆಯ 104ನೇ ಕಲಮು ಪ್ಲಾಂಟೇಶನ್ ಭೂಮಿಯನ್ನು ಹಿಡುವಳಿಯ ಮಿತಿಯಿಂದಲೂ ಈ ನಿಷೇಧಗಳಿಂದಲೂ ಹೊರಗಿಟ್ಟಿತು. ಪ್ಲಾಂಟೇಶನ್ ಬೆಳೆಗಳ ಪಟ್ಟಿಯಲ್ಲಿ ಕಾಫಿ, ಚಹಾ, ರಬ್ಬರ್, ಏಲಕ್ಕಿ, ಮೆಣಸು ಇದ್ದವು, ದ್ರಾಕ್ಷಿ ಇರಲಿಲ್ಲ. ಹಾಗಾಗಿ ಬೇಲಾಪುರದ ಕನ್ನಡಿಗನೊಬ್ಬ 1990ರಲ್ಲಿ ಮೂಡಿಗೆರೆಯ ಕಾಫಿ ಎಸ್ಟೇಟನ್ನು ಕೊಳ್ಳಬಹುದಿತ್ತು, ಆದರೆ ಸಂಬಳದ ಆದಾಯ ಮಿತಿ ದಾಟಿದ್ದರೆ ತಿಕೋಟಾದ ಎರಡೆಕರೆ ಪಡವನ್ನು ಕೊಳ್ಳುವಂತಿರಲಿಲ್ಲ. ಇದರ ಪರಿಣಾಮ ಕಟ್ಟಡಗಳಲ್ಲೇ ಕಾಣುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಕೊಡಗಿಗೆ ಬಂದ ಯುರೋಪಿಯನ್ ಪ್ಲಾಂಟರ್ ಪರವೂರಿನವನು. ತೋಟದ ನಡುವೆ ಬಂಗಲೆ ಕಟ್ಟದೆ ಅವನಿಗೆ ಗತಿಯಿರಲಿಲ್ಲ. ಮುಂದೆ ಅಂಥ ಬಂಗಲೆಗಳ ಖಾಲಿ ಕೋಣೆಗಳಿಗೆ ಅತಿಥಿಗಳು ಬಂದರು. ದ್ರಾಕ್ಷಿಯವನ ಮನೆ ಊರೊಳಗಿತ್ತು. ಪಡದಲ್ಲಿ ಅವನು ಕಟ್ಟಿದ್ದು ಒಣದ್ರಾಕ್ಷಿಯ ಶೆಡ್ಡು: ನಾಲ್ಕು ಕಡೆಯೂ ಗಾಳಿಯಾಡುವ ಮಾಡು, ಒಂದರ ಮೇಲೊಂದು ಬಿಗಿದ ಬಲೆಯ ಹಂತಗಳು, ದ್ರಾವಣದಲ್ಲಿ ಅದ್ದಿ ಹರಡಿದ ಥಾಮ್ಸನ್ ಸೀಡ್‌ಲೆಸ್ ಗೊಂಚಲುಗಳು. ಅಲ್ಲಿ ಮಲಗುವುದು ಹಣ್ಣು, ಸುಮಾರು ಎರಡು ವಾರ.

ಮೊದಲ ಆಕ್ಷೇಪ: ಪಡಕ್ಕೆ ಅತಿಥಿಗಳು ಬಾರದಿರಲು ಕಾರಣ ಕಾನೂನಲ್ಲ, ನಮ್ಮಲ್ಲಿ ವೈನ್ ಕುಡಿಯುವ ರೂಢಿಯೇ ಇಲ್ಲದಿರುವುದು. ನಾಶಿಕದಲ್ಲಿ ಕಾನೂನು ಅಷ್ಟೇ ಬಿಗಿಯಾಗಿದ್ದರೂ ವೈನ್ ಉದ್ಯಮ ಬೆಳೆಯಲಿಲ್ಲವೇ ಎಂದು ಕೇಳಬಹುದು. ಆಕ್ಷೇಪ ಸಣ್ಣದಲ್ಲ. ಮಹಾರಾಷ್ಟ್ರ 2001ರಲ್ಲೇ ದ್ರಾಕ್ಷಿ ಸಂಸ್ಕರಣೆಯ ನೀತಿ ತಂದಿತು, ಕರ್ನಾಟಕ 2007ರವರೆಗೆ ಕಾಯಿತು. ಅಬಕಾರಿಯ ಪಾಲು ದೊಡ್ಡದೇ. ಆದರೂ ನಾಶಿಕ ನನ್ನ ವಾದಕ್ಕೇ ಸಾಕ್ಷಿ ಹೇಳುತ್ತದೆ. ರಾಜೀವ್ ಸಾಮಂತ್ ಅವರ ಸುಲಾ ವೈನ್ ಕಂಪನಿ ಶುರುವಾದದ್ದು ಮನೆತನದ ಜಮೀನಿನಲ್ಲಿ. 2005ರಲ್ಲಿ ವೈನ್ ರುಚಿ ನೋಡುವ ಕೋಣೆ, 2010ರಲ್ಲಿ ರೆಸಾರ್ಟು ಬಂದವು. ಹಣ್ಣಿನ ಬಹುಪಾಲು ಬರುವುದು ಒಪ್ಪಂದ ಮಾಡಿಕೊಂಡ ರೈತರ ಹೊಲಗಳಿಂದ. ಅಂದರೆ ಅಲ್ಲಿ ಬೆಳೆದದ್ದು ಒಪ್ಪಂದ, ಖರೀದಿಯಲ್ಲ. ಅತಿಥಿಗೆ ಕಿಟಕಿಯಿಂದ ಕಾಣುವ ಸಾಲುಗಳಿಗಿಂತ ಕಾಣದ ಸಾಲುಗಳೇ ಅವನ ಲೋಟವನ್ನು ತುಂಬುತ್ತವೆ. ನಂದಿ ಬೆಟ್ಟದ ಕೆಳಗೆ ಗ್ರೋವರ್ ಕುಟುಂಬ 1992ರಲ್ಲಿ ವೈನ್ ಹೊರತಂದದ್ದು ನಿಜ. ಆದರೆ ಉದ್ಯಮ, ತೋಟಗಾರಿಕೆಗಳಿಗೆ ಸರ್ಕಾರ ವಿನಾಯಿತಿ ಕೊಡಬಹುದಾದ 109ನೇ ಕಲಮು ಕಂಪನಿಯ ದಾರಿ. ನಾಲ್ಕು ಕೋಣೆಯ ಗೃಹಸ್ಥನ ದಾರಿಯಲ್ಲ. ಮಹಾರಾಷ್ಟ್ರವೂ 1994ರ ತಿದ್ದುಪಡಿಯಲ್ಲಿ ಉದ್ಯಮಕ್ಕೆ ಬಾಗಿಲು ತೆರೆದು, ಅಧಿಸೂಚಿತ ಸ್ಥಳಗಳ ಪ್ರವಾಸೋದ್ಯಮವನ್ನೂ ಅದರೊಳಗೆ ಸೇರಿಸಿತು. ಅತಿಥಿಗೃಹ ಕಟ್ಟುವವನನ್ನು ಕಾನೂನು ಉದ್ಯಮಿಯೆಂದು ಒಳಗೆ ಬಿಟ್ಟಿತು, ರೈತನೆಂದಲ್ಲ.

ಇಂಥ ಬೇಲಿ ರೈತನನ್ನೇ ಕಟ್ಟಿಹಾಕಿತು, ಒಳ್ಳೆಯ ಬೆಲೆ ಕೊಡುವ ಗಿರಾಕಿಯನ್ನು ದೂರವಿಟ್ಟಿತು ಎಂಬುದು ಎರಡನೆಯ ಆಕ್ಷೇಪ. ಅದರಲ್ಲಿ ಸತ್ಯವಿದೆ, ಅದಕ್ಕೆ ಬೇಲಾಪುರವೇ ಕಟುವಾದ ಉದಾಹರಣೆ. 63ನೇ ಕಲಮು ಇಲ್ಲಿಯ ಭತ್ತದ ಗದ್ದೆಗೂ ಅನ್ವಯಿಸುತ್ತಿತ್ತು. ಅದು ತಡೆದದ್ದು ಖಾಸಗಿ ಗಿರಾಕಿಯನ್ನು ಮಾತ್ರ. 1970ರ ಮಾರ್ಚಿನಲ್ಲಿ ಸರ್ಕಾರದ ನಗರ ನಿರ್ಮಾಣ ನಿಗಮ ಸಿಡ್ಕೋ ಹುಟ್ಟಿತು. ಹೊಸ ನಗರಕ್ಕಾಗಿ ತೊಂಬತ್ತೈದು ಹಳ್ಳಿಗಳ ನೆಲ ಸ್ವಾಧೀನದ ನಕ್ಷೆಗೆ ಸೇರಿತು. 1984ರ ಜನವರಿಯಲ್ಲಿ ಉರಣ ಭಾಗದ ಜಾಸಯಿಯ ಬಳಿ ದಿ. ಬಾ. ಪಾಟೀಲರ ನಾಯಕತ್ವದ ರೈತ ಆಂದೋಲನದಲ್ಲಿ ಐವರು ಗೋಲಿಬಾರಿಗೆ ಬಲಿಯಾದರು. ಆಮೇಲೆ ದಕ್ಕಿದ್ದು, ಸ್ವಾಧೀನವಾದ ನೆಲದ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿ ಹಿಂದಿರುಗಿಸುವ ಯೋಜನೆ. ಬೇಲಿ ರೈತನನ್ನು ಸರ್ಕಾರದಿಂದ ಕಾಯಲಿಲ್ಲ, ನಿಜ. ಆದರೆ ಇದರಿಂದ ಬೇಲಿ ವ್ಯರ್ಥ ಎಂದು ತೀರ್ಮಾನಿಸುವುದು ಅವಸರವಾದೀತು. ನೆಲದ ಬೆಲೆ ನಗರದ ಲೆಕ್ಕಕ್ಕೆ ಬಿದ್ದ ಮೇಲೆ ಬೆಳೆಯ ಲೆಕ್ಕ ಉಳಿಯುವುದಿಲ್ಲ ಎಂಬುದನ್ನೂ ಬೇಲಾಪುರವೇ ತೋರಿಸುತ್ತದೆ. ಆ ಲೆಕ್ಕ ವಿಜಯಪುರದ ಪಡಕ್ಕೆ ಇಷ್ಟು ಕಾಲ ತಲುಪದಿರುವುದರಲ್ಲಿ ಉತಾರದ ಷರತ್ತಿಗೂ ಪಾಲಿದೆ.

ಕರ್ನಾಟಕ 2020ರಲ್ಲಿ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿತು. ಮಹಾರಾಷ್ಟ್ರದ ಷರತ್ತು ಉಳಿದಿದೆ. ಅದೇ ವರ್ಷ ಬಂದ ಅಲ್ಲಿಯ ಕೃಷಿ ಪ್ರವಾಸೋದ್ಯಮ ನೀತಿ ರೈತನಿಗೇ ಆತಿಥೇಯನ ಪಟ್ಟ ಕೊಟ್ಟಿತು. ಬೇಲಾಪುರದಿಂದ ಹೊರಟವನಿಗೆ ಈಗ ವಿಜಯಪುರದ ಬಾಗಿಲು ತೆರೆದಿದೆ. ಆದರೆ ಅವನು ಕೊಳ್ಳುವುದು ಬಂಗಲೆಯ ಚರಿತ್ರೆಯಿಲ್ಲದ ಬೆಳೆಯನ್ನು. ಕಾಫಿ ಗಿಡ ಬೇಸಿಗೆಯಲ್ಲೂ ಹಸಿರು. ಮಕ್ಕಳಿಗೆ ರಜೆ ಬಂದಾಗ ಹೋದ ಅತಿಥಿಗೆ ತೋಟ ತೋಟದಂತೆಯೇ ಕಾಣುತ್ತದೆ. ಅದೇ ರಜೆಯ ಏಪ್ರಿಲಿನಲ್ಲಿ ಪಡದಲ್ಲಿ ಕಟಾವು ಮುಗಿದು, ಕಡ್ಡಿ ಕತ್ತರಿಸುವ ಚಾಟ್ನಿ ನಡೆದಿರುತ್ತದೆ: ಸಾಲು ಸಾಲು ಬೋಳು ಕೊರಡು, ಮೇಲೆ ಬರೀ ತಂತಿ. ಅಕ್ಟೋಬರಿನಲ್ಲಿ ಮತ್ತೊಂದು ಚಾಟ್ನಿ. ಯಾವ ಕಡ್ಡಿಯನ್ನು ಎಷ್ಟು ಕಣ್ಣಿಗೆ ಕತ್ತರಿಸಬೇಕೆಂಬ ಅಂದಾಜಿನ ಮೇಲೆ ವರುಷದ ಫಸಲು ನಿಂತಿದೆ. ಕತ್ತರಿ ಹಿಡಿದವನೂ ಉತಾರದಲ್ಲಿ ಹೆಸರಿದ್ದವನೂ ಒಬ್ಬನೇ ಆಗಿರಲೆಂದು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಾನೂನು ಹಟ ಹಿಡಿದಿತ್ತು. ಈಗ ಉತಾರದಲ್ಲಿ ಹೆಸರು ಬದಲಾಗಬಹುದು. ಕತ್ತರಿ ಹಿಡಿಯಲು ಮಾತ್ರ ಆ ಹಳೆಯ ಕೈಯನ್ನೇ ಕರೆಯಬೇಕು.