ನದಾಫ: ಹತ್ತಿ ಹಿಂಜಿದವರ ಹೆಸರು

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಹೊಸಬರು ಎದುರಾದರೆ ಹಿರಿಯರು ಮೊದಲು ಕೇಳುವುದು ‘ಯಾರ ಪೈಕಿ?’ ಎಂದು. ಬಡಿಗೇರ ಪೈಕಿ, ಕುಂಬಾರ ಪೈಕಿ, ಹೂಗಾರ ಪೈಕಿ ಎಂದು ಉತ್ತರ ಬರುವ ಹಾಗೆಯೇ ‘ನದಾಫರ ಪೈಕಿ ರೀ’ ಎಂಬ ಉತ್ತರವೂ ಬರುತ್ತದೆ. ಕೇಳಿದವರಿಗೆ ಅಷ್ಟು ಸಾಕು. ಇದು ಯಾವ ಭಾಷೆಯ ಮಾತು, ಎಲ್ಲಿಂದ ಬಂತು ಎಂದು ಯಾರೂ ತಡೆದು ಕೇಳುವುದಿಲ್ಲ. ನಮ್ಮ ಕಡೆಯ ಅಡ್ಡಹೆಸರುಗಳ ನಡುವೆ ಅದು ಅಷ್ಟು ಹಳೆಯದಾಗಿ ಕೂತುಬಿಟ್ಟಿದೆ.

ಶಬ್ದ ಮಾತ್ರ ಅಪ್ಪಟ ಅರಬ್ಬಿಯದು. ಅರಬ್ಬಿಯಲ್ಲಿ ನ-ದ-ಫ ಎಂಬ ಮೂರು ವ್ಯಂಜನಗಳ ಧಾತುವಿಗೆ ಹತ್ತಿಯನ್ನು ಹಿಂಜುವುದು ಎಂದರ್ಥ. ಹಿಂಜಿದ ಅರಳೆ ‘ನದೀಫ್’. ಚಳಿ ದೇಶಗಳಲ್ಲಿ ಹಿಮ ಉದುರುವಾಗ ಗಾಳಿಯಲ್ಲಿ ತೇಲಿ ಬರುವ ಒಂದೊಂದು ಎಸಳಿಗೂ ಅರಬ್ಬಿಯವರು ಇದೇ ಧಾತುವಿನಿಂದ ‘ನುದ್‌ಫಾ’ ಎಂಬ ಹೆಸರು ಮಾಡಿಕೊಂಡಿದ್ದಾರೆ. ಹತ್ತಿ ಹಿಂಜುವುದನ್ನು ಕಣ್ಣಾರೆ ಕಂಡವರಿಗಷ್ಟೇ ಹಾಗೆ ಹೆಸರಿಡಲು ಬಂದೀತು. ಧಾತುವಿನ ನಡುವಿನ ವ್ಯಂಜನವನ್ನು ಒತ್ತಿ ನುಡಿದು ಅದಕ್ಕೆ ‘ಆ’ ದೀರ್ಘ ಕೊಟ್ಟರೆ, ಆ ಕೆಲಸವನ್ನೇ ಕಸುಬು ಮಾಡಿಕೊಂಡವನ ಹೆಸರು ಸಿದ್ಧ. ಕಮ್ಮಾರ ಹದ್ದಾದ್, ಬಡಿಗ ನಜ್ಜಾರ್, ಸಿಂಪಿಗ ಖಯ್ಯಾತ್, ಹತ್ತಿ ಹಿಂಜುವವ ನದ್ದಾಫ್.

ಈ ಅಚ್ಚಿನಲ್ಲಿ ಎರಕ ಹೊಯ್ದ ಶಬ್ದಗಳನ್ನು ನೋಡಲು ಅರಬಸ್ತಾನಕ್ಕೆ ಹೋಗಬೇಕಾಗಿಲ್ಲ, ಸಿಂಧನೂರಿನ ಎಪಿಎಂಸಿ ಗೇಟು ದಾಟಿದರೆ ಸಾಕು. ಚೀಲ ಹೊರುವ ಹಮಾಲ ಅರಬ್ಬಿಯ ಹಮ್ಮಾಲ್. ಮಾಲು ಕುದುರಿಸುವ ದಲಾಲ ಅಲ್ಲಿಯ ದಲ್ಲಾಲ್. ಬಂದ ರೊಕ್ಕದಲ್ಲಿ ನಾಲ್ಕು ಗ್ರಾಂ ಬಂಗಾರ ಕೊಳ್ಳಲು ಹೋಗುವ ಸರಾಫ ಕಟ್ಟೆಯದು ಸರ್ರಾಫ್, ಎಂದರೆ ನಾಣ್ಯ ಪರೀಕ್ಷಿಸಿ ಬದಲಿಸಿ ಕೊಡುವವ. ಕುರಿ ಕೊಯ್ಯುವ ಕಸಾಬ, ಸುಗಂಧ ಮಾರುವ ಅತ್ತಾರ ಇಬ್ಬರೂ ಅದೇ ಸಾಲಿನವರು. ನಮ್ಮ ನಾಲಿಗೆ ಹಮಾಲ, ದಲಾಲ, ನದಾಫಗಳಲ್ಲಿ ಒತ್ತಕ್ಷರವನ್ನು ಕಳಚಿಹಾಕಿತು, ಅತ್ತಾರದಲ್ಲಿ ಮಾತ್ರ ಉಳಿಸಿಕೊಂಡಿತು. ಹೀಗೆ ಕೇಳಿಸಿದ್ದೆಲ್ಲ ಅರಬ್ಬಿ ಎಂದು ತಿಳಿದರೂ ತಪ್ಪೇ: ಕಲಾಲ ಎಂಬ ಅಡ್ಡಹೆಸರಿನ ಬೇರು ಈ ನೆಲದ್ದು. ಇನ್ನು ರೈತ ಎಣಿಸುವ ಫಸಲು, ಅರ್ಜಿಯ ಮೇಲೆ ಬರೆಯುವ ತಾಲ್ಲೂಕು, ಜಿಲ್ಲೆ, ಹೋರಾಡಿ ಪಡೆಯುವ ಹಕ್ಕು, ಇವೆಲ್ಲ ಅರಬ್ಬಿಯಿಂದ ಪಾರಸಿಯ ಮೂಲಕ ಬಂದವು. ಬಹಮನಿ ಸುಲ್ತಾನರು, ವಿಜಾಪುರದ ಆದಿಲಶಾಹಿಗಳು, ಮುಂದೆ ಹೈದರಾಬಾದ್ ನಿಜಾಮರು ಎಂದು ಕೃಷ್ಣೆ-ತುಂಗಭದ್ರೆಗಳ ನಡುವಿನ ಈ ದೋಆಬ್ ಕೈ ಬದಲಿಸುತ್ತ ಬಂದಷ್ಟು ಕಾಲವೂ ದಫ್ತರದ ಮಾತು ಹೆಚ್ಚಾಗಿ ಪಾರಸಿ, ಆಮೇಲೆ ಉರ್ದು. 1905ರವರೆಗೆ ಲಿಂಗಸುಗೂರು ಒಂದು ಜಿಲ್ಲೆಯ ಕೇಂದ್ರವೇ ಆಗಿತ್ತು. ಅಲ್ಲಿಯ ಕಾಗದಪತ್ರಗಳಲ್ಲಿ ಹತ್ತಿ ಹಿಂಜುವವನ ಕಸುಬನ್ನು ಬರೆಯಬೇಕಾದ ಗುಮಾಸ್ತನ ಲೇಖನಿಗೆ ಸಹಜವಾಗಿ ಒದಗುವ ಶಬ್ದ ನದ್ದಾಫ್.

ನಾನು ಒತ್ತಿ ಹೇಳಬೇಕಾದ ಮಾತು ಇಲ್ಲಿದೆ. ಅಡ್ಡಹೆಸರು ಅರಬ್ಬಿಯದು ಎಂದ ಮಾತ್ರಕ್ಕೆ ಮನೆತನ ಅರಬಸ್ತಾನದಿಂದ ಬಂದದ್ದಲ್ಲ. ಬಂದದ್ದು ಶಬ್ದ, ಮನುಷ್ಯರು ಇಲ್ಲಿಯವರೇ. ನಿಜವಾಗಿಯೂ ಅರಬಸ್ತಾನದಿಂದ ಬಂದವರ ಹೆಸರುಗಳು ಬೇರೆ ಬಗೆಯವು. ಯೆಮನಿನ ಹದ್ರಮೌತ್ ಸೀಮೆಯಿಂದ ನಿಜಾಮರ ಸೈನ್ಯಕ್ಕೆ ಸೇರಿ ಹೈದರಾಬಾದಿನ ಬಾರ್ಕಸ್‌ನಲ್ಲಿ ನೆಲೆ ನಿಂತವರು ಬಾವಜೀರ್, ಅಲ್-ಕತೀರಿ, ಯಾಫಯಿ ಎಂದು ಬುಡಕಟ್ಟಿನ ಹೆಸರು ಹಿಡಿದು ಬಂದರು. ಜನ ಅವರನ್ನು ಚಾವುಷ್ ಎಂದು ಕರೆದರು. ಅವರ ಹೆಸರು ವಂಶ ಹೇಳುತ್ತದೆ. ನದಾಫ ಎಂಬುದು ಕೆಲಸ ಹೇಳುತ್ತದೆ, ಅದೂ ಕನ್ನಡ ನೆಲದ ಎರೆಹೊಲದಲ್ಲಿ ಬೆಳೆದ ಹತ್ತಿಯ ಕೆಲಸ.

ಅದೇ ಜನಕ್ಕೆ ಇನ್ನೊಂದು ಹೆಸರು ಪಿಂಜಾರ. ಹಳಗನ್ನಡದ ‘ಪಿಂಜು’ ಹೊಸಗನ್ನಡದಲ್ಲಿ ‘ಹಿಂಜು’ ಆಯಿತು, ಪಾಲು ಹಾಲಾದಂತೆ. ಪಿಂಜಾರ ಮಾತ್ರ ತನ್ನ ಪಕಾರವನ್ನು ಬಿಟ್ಟುಕೊಡಲಿಲ್ಲ. ಒಂದೇ ಮನೆತನದಲ್ಲಿ ಅಣ್ಣ ಪಿಂಜಾರ ಎಂದೂ ತಮ್ಮ ನದಾಫ ಎಂದೂ ಬರೆಸಿಕೊಂಡಿರುವುದುಂಟು. ಕೆಲವೆಡೆ ಲದಾಫ ಎಂಬ ರೂಪವೂ ಇದೆ. ನಿಂಬೆಯನ್ನು ಲಿಂಬಿ ಎನ್ನುವ ನಮ್ಮ ಕಡೆಯವರಿಗೆ ಶಬ್ದದ ಮೊದಲಲ್ಲಿ ನಕಾರ ಲಕಾರವಾಗುವುದು ವಿಚಿತ್ರವೇನಲ್ಲ. ಗಡಿ ದಾಟಿ ಆಂಧ್ರ, ತೆಲಂಗಾಣಕ್ಕೆ ಹೋದರೆ ಇವರು ದೂದೇಕುಲ. ತೆಲುಗಿನ ದೂದಿ ಎಂದರೆ ಅರಳೆ. ಅಲ್ಲಿಯ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ದೂದೇಕುಲ, ಲದ್ದಾಫ್, ಪಿಂಜಾರಿ, ನೂರ್‌ಬಾಷ್ ಒಂದೇ ಉಸಿರಿನಲ್ಲಿ ಬರುತ್ತವೆ. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನನ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ದೂದೇಕುಲದವರ ಮೇಲೆ ಬೇರೆಯೇ ಬರಹವಿದೆ. ಪೋತುಲೂರಿ ವೀರಬ್ರಹ್ಮೇಂದ್ರ ಸ್ವಾಮಿಗಳ ಪ್ರಿಯ ಶಿಷ್ಯ ಸಿದ್ದಯ್ಯ ಈ ಕುಲದವನೇ.

ಕೆಲಸ ಹೇಗಿತ್ತು ಎಂಬುದನ್ನು ಸ್ವಲ್ಪ ನಿಂತು ನೋಡಬೇಕು, ಇಲ್ಲದಿದ್ದರೆ ಹೆಸರು ಬರೀ ಸದ್ದಾಗಿ ಉಳಿಯುತ್ತದೆ. ಆಳೆತ್ತರಕ್ಕೆ ಹತ್ತಿರದ ಒಂದು ಮರದ ಬಿಲ್ಲು. ಅದರ ಉದ್ದಕ್ಕೂ ಕರುಳಿನಿಂದ ಹೊಸೆದ ಬಿಗಿಯಾದ ಎಳೆ. ಬಿಲ್ಲಿನ ಭಾರ ಕೈಗೆ ಬೀಳದಂತೆ ಮೇಲಿನ ಜಂತಿಯಿಂದ ಹಗ್ಗ ಕಟ್ಟಿ ತೂಗುಬಿಡುತ್ತಿದ್ದರು. ಎಡಗೈಯಲ್ಲಿ ಬಿಲ್ಲು, ಬಲಗೈಯಲ್ಲಿ ಎರಡೂ ತುದಿ ಉರುಟಾಗಿ ನಡುವೆ ಸಣ್ಣಗಿರುವ ಡಂಬೆಲ್ಲಿನಂಥ ಕಟ್ಟಿಗೆಯ ಹಿಡಿ. ಅದರಿಂದ ಎಳೆಯನ್ನು ಬಡಿದರೆ ಝುಂಯ್ ಎಂದು ಮಿಡಿಯುವುದು. ಮಿಡಿಯುವ ಎಳೆಯನ್ನು ಗಂಟುಗಟ್ಟಿದ ಅರಳೆಯ ಗುಡ್ಡೆಗೆ ತಾಗಿಸಿದರೆ ಅದು ಒಂದಿಷ್ಟನ್ನು ಕಚ್ಚಿ ಎಳೆದು, ಎಸಳು ಎಸಳಾಗಿ ಬಿಡಿಸಿ, ಆಚೆ ಹಾರಿಸುವುದು. ಕಸ, ಧೂಳು, ಕಾಳಿನ ಚೂರು ಭಾರಕ್ಕೆ ಕೆಳಗೆ ಉಳಿಯುವವು, ಅರಳೆ ಮಾತ್ರ ಮೇಲೇಳುವುದು. ಎಳೆ ಹೆಚ್ಚು ತಾಗಿದರೆ ಸಿಕ್ಕಿಹಾಕಿಕೊಂಡು ಹರಿಯುತ್ತದೆ, ಕಡಿಮೆ ತಾಗಿದರೆ ಗಂಟು ಬಿಡುವುದಿಲ್ಲ. ಆ ಹದ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಮೂಗಿಗೆ ವಸ್ತ್ರ ಕಟ್ಟಿಕೊಂಡರೂ ಅರಳೆಯ ಧೂಳು ಎದೆಗೆ ಇಳಿಯುತ್ತಿತ್ತು. ಈ ಕಸುಬಿನವರಿಗೆ ಕೆಮ್ಮು, ದಮ್ಮು ಬಿಟ್ಟಿದ್ದಲ್ಲ. ಹಿಂಜಿದ್ದರಲ್ಲಿ ಒಂದು ಪಾಲು ಹಂಜಿಯಾಗಿ ನೂಲುವವರ ಕೈಗೆ, ಉಳಿದದ್ದು ಗಾದಿ, ದಿಂಬು, ರಜಾಯಿಗಳ ಹೊಟ್ಟೆಗೆ. ಮದುವೆಯ ಮನೆಗೆ ಹೊಸ ಗಾದಿ ತುಂಬಲು, ಚಳಿಗಾಲಕ್ಕೆ ಮೊದಲು ಗಡುಸಾದ ಹಳೆಯ ಗಾದಿ ಬಿಚ್ಚಿ ಮತ್ತೆ ಹಿಂಜಲು ಬಿಲ್ಲು ಹೆಗಲಿಗೇರಿಸಿ ಓಣಿಗೆ ಬರುತ್ತಿದ್ದವರ ಸದ್ದು ಕೇಳಿ ಬೆಳೆದವರು ಈ ಭಾಗದಲ್ಲಿ ಇನ್ನೂ ಬಹಳ ಜನ ಇದ್ದಾರೆ.

ಇದೇ ಬಿಲ್ಲು, ಇದೇ ಹೊಡೆತ ಬಗದಾದಿನಿಂದ ಬಿಹಾರದವರೆಗೂ ಇತ್ತು. ಅದಕ್ಕೇ ಹೆಸರೂ ಅಷ್ಟು ಅಗಲ ಹರಡಿದೆ. ಮಹಾರಾಷ್ಟ್ರದ ಸಾಂಗಲಿ, ಕೊಲ್ಹಾಪುರ, ಸೊಲ್ಲಾಪುರದ ಕಡೆ ನದಾಫರಿದ್ದಾರೆ. ಉತ್ತರ ಬಿಹಾರದಲ್ಲಿ, ಅದಕ್ಕೆ ಹತ್ತಿದ ನೇಪಾಳದ ತರಾಯಿಯಲ್ಲಿ ಇದ್ದಾರೆ. ಇರಾನಿನಲ್ಲಿ ನದ್ದಾಫಿ ಎಂಬ ಮನೆತನದ ಹೆಸರಿದೆ. ಪ್ಯಾಲೆಸ್ಟೀನ್, ಲೆಬನಾನ್, ಸಿರಿಯಾಗಳ ನದ್ದಾಫರಲ್ಲಿ ಕ್ರೈಸ್ತರೂ ಇದ್ದಾರೆ. ಯೆಮನಿನಿಂದ ಜೆರುಸಲೇಮಿಗೆ ವಲಸೆ ಹೋದ ಯಹೂದಿ ವಿದ್ವಾಂಸ ಅವ್ರಾಹಾಂ ಅಲ್-ನದ್ದಾಫ್ ಕೂಡ ಇದೇ ಹೆಸರಿನವರು. ಟೊರಾಂಟೊದ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಗ್ರೀಕ್ ತತ್ತ್ವಶಾಸ್ತ್ರದ ಮೇಲೆ ಕೆಲಸ ಮಾಡಿದ ಜೆರಾರ್ಡ್ ನದ್ದಾಫ್, ಹಾರ್ವರ್ಡಿನಲ್ಲಿ ‘ಸಾವಿರದ ಒಂದು ರಾತ್ರಿಗಳು’ ಕುರಿತು ಬರೆದ ಸಾಂಡ್ರಾ ನದ್ದಾಫ್ ಈ ಹೆಸರನ್ನು ಅಟ್ಲಾಂಟಿಕ್‌ನ ಆಚೆಗೂ ಒಯ್ದವರ ಸಾಲಿನಲ್ಲಿದ್ದಾರೆ. ಮುಸಲ್ಮಾನ, ಕ್ರೈಸ್ತ, ಯಹೂದಿ ಎಂಬ ಭೇದವಿಲ್ಲದೆ ಒಂದು ಹೆಸರು ಮೂರೂ ಮನೆಗಳಲ್ಲಿ ಕೂತಿರುವುದು ನನಗೆ ಬಹಳ ದೊಡ್ಡ ಸಂಗತಿ. ಸಿಂಧನೂರಿನ ನದಾಫರಿಗೂ ಅವರಿಗೂ ರಕ್ತದ ನಂಟಿಲ್ಲ. ಇರುವುದು ಹತ್ತಿಯ ನಂಟು.

ಅರಬ್ಬಿಯಲ್ಲಿ ಹತ್ತಿಯ ಕಸುಬಿನವನಿಗೆ ಇನ್ನೊಂದು ಹೆಸರು ಹಲ್ಲಾಜ್. ‘ಅನಲ್ ಹಕ್’, ನಾನೇ ಸತ್ಯ, ಎಂದು ಸಾರಿದ್ದಕ್ಕೆ ಹೆಸರಾದ, 922ರಲ್ಲಿ ಬಗದಾದಿನಲ್ಲಿ ಮರಣದಂಡನೆಗೆ ಗುರಿಯಾದ ಸೂಫಿ ಮನ್ಸೂರ್ ಅಲ್-ಹಲ್ಲಾಜ್ ಆ ಹೆಸರಿನವನು. ತಾನು ಹೇಳಿದ ಕೆಲಸಕ್ಕೆ ಹೋದ ಹತ್ತಿಯ ಅಂಗಡಿಕಾರ ಮರಳಿ ಬರುವಷ್ಟರಲ್ಲಿ ಹಲ್ಲಾಜ್ ಆ ಅಂಗಡಿಯ ಹತ್ತಿಯನ್ನೆಲ್ಲ ಹಸನು ಮಾಡಿಟ್ಟಿದ್ದ ಎಂಬ ಕಥೆ ಅವನ ಸುತ್ತ ಇದೆ. ಉತ್ತರ ಹಿಂದೂಸ್ಥಾನದಲ್ಲಿ ಹತ್ತಿ ಹಿಂಜುವ ಧುನಿಯಾಗಳು ಅವನ ನೆನಪಿಗೆ ತಮ್ಮನ್ನು ಮನ್ಸೂರಿ ಎಂದು ಕರೆದುಕೊಂಡರು. ಆ ‘ಹಕ್’ ಮತ್ತು ನಾವು ಪಹಣಿ ಹಿಡಿದು ನಿಂತು ಕೇಳುವ ‘ಹಕ್ಕು’ ಒಂದೇ ಶಬ್ದ.

ನಮ್ಮ ನದಾಫರ ಬಹಳಷ್ಟು ಮನೆಗಳಲ್ಲಿ ಮಾತು ಕನ್ನಡವೇ. ಗಂಡಸರು ಹುಸೇನಪ್ಪ, ಮೌಲಪ್ಪ, ಫಕೀರಪ್ಪ, ದಾವಲಸಾಬ. ಹೆಂಗಸರು ಹುಸೇನಮ್ಮ, ಮೌಲಮ್ಮ, ಪಾತಿಮವ್ವ. ಹುಸೇನಪ್ಪ ಎಂಬ ಹೆಸರು ಈ ಜಿಲ್ಲೆಯಲ್ಲಿ ಹಿಂದೂ ಮನೆಗಳಲ್ಲೂ ಇದೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ಕಂಡವರಿಗೆ ಇದು ಯಾಕೆ ಎಂದು ವಿವರಿಸಬೇಕಾಗಿಲ್ಲ. ಅಲ್ಲಿ ಹರಕೆ ಹೊರುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ, ಮಕ್ಕಳಾದರೆ ಅಲ್ಲಿಯ ಹೆಸರನ್ನೇ ಇಡುತ್ತಾರೆ.

ಹೆಸರಿನ ಮಾತು ಬಂದಾಗ ಮಸ್ಕಿಯನ್ನು ಬಿಟ್ಟು ಮುಂದೆ ಹೋಗಲಾಗದು. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರ್ ಅಲ್ಲಿಯ ಬಂಡೆಯ ಮೇಲೆ ಶಾಸನ ಕಂಡರು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ದಂಥ ಬಿರುದುಗಳಷ್ಟೇ ಇದ್ದವು. ಮಸ್ಕಿಯ ಬಂಡೆ ಆ ಬಿರುದಿನ ಪಕ್ಕದಲ್ಲಿ ಅಶೋಕ ಎಂಬ ಹೆಸರನ್ನೇ ಇಟ್ಟು, ಅವನು ಯಾರು ಎಂಬುದನ್ನು ಇತ್ಯರ್ಥ ಮಾಡಿತು. ಚಕ್ರವರ್ತಿಯ ಗುರುತಿಗೆ ಒಂದು ಬಂಡೆ ಸಿಕ್ಕಿತು. ಅದೇ ಊರಿನ ಸುತ್ತ ತಲೆಮಾರುಗಳಿಂದ ಹತ್ತಿ ಹಿಂಜಿದವರ ಗುರುತಿಗೆ ಈ ಅಡ್ಡಹೆಸರೇ ಶಾಸನ.

ಯಾಕೆಂದರೆ ಕಸುಬು ಕೈಬಿಟ್ಟು ಹೋಗಿದೆ. ಮೊದಲು ಜಿನ್ನಿಂಗ್ ಮಿಲ್ಲುಗಳೂ ನೂಲಿನ ಗಿರಣಿಗಳೂ ಬಂದು ಹಂಜಿಯ ಕೆಲಸ ಕಸಿದವು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಸಿಂಧನೂರಿನ ಎರೆಹೊಲಗಳು ಗದ್ದೆಯಾದವು. ಜೋಳ, ಹತ್ತಿ ಇದ್ದಲ್ಲಿ ಸೋನಾ ಮಸೂರಿ ನಿಂತಿತು. ಕಾಲುವೆ ಮುಟ್ಟದ ಹಳ್ಳಿಗಳಲ್ಲಿ ಹತ್ತಿ ಇನ್ನೂ ಇದೆ, ಆದರೆ ಅದು ಹೊಲದಿಂದ ನೇರ ರಾಯಚೂರಿನ ಮಾರುಕಟ್ಟೆಗೆ ಹೋಗುತ್ತದೆ. ಗಾದಿಯ ಕೆಲಸ ಉಳಿದಿತ್ತು, ಅದಕ್ಕೆ ಕರೆಂಟಿನ ಹಿಂಜುವ ಯಂತ್ರ ಬಂತು, ಅದರ ಹಿಂದೆಯೇ ಫೋಮಿನ ರೆಡಿಮೇಡ್ ಗಾದಿ ಬಂತು. ಈಗ ನದಾಫ ಎಂಬವರು ಟ್ರ್ಯಾಕ್ಟರ್ ಓಡಿಸುತ್ತಾರೆ, ವೆಲ್ಡಿಂಗ್ ಮಾಡುತ್ತಾರೆ, ಶಾಲೆಯಲ್ಲಿ ಪಾಠ ಹೇಳುತ್ತಾರೆ, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ.

ಕಸುಬು ಹೋದ ಮೇಲೆ ಹೆಸರಿನ ತೂಕ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಮುಸಲ್ಮಾನರಿಗೆ ಸಾಮಾನ್ಯವಾಗಿ ಪ್ರವರ್ಗ 2-ಬಿ. ನದಾಫ, ಪಿಂಜಾರ ಇರುವುದು ಪ್ರವರ್ಗ-1ರಲ್ಲಿ, ಅದಕ್ಕೆ ಆದಾಯದ ಮಿತಿ ಇಲ್ಲ. 2023ರ ಮಾರ್ಚ್‌ನಲ್ಲಿ ಸರ್ಕಾರ 2-ಬಿ ಕೈಬಿಡುವ ತೀರ್ಮಾನ ಮಾಡಿ, ಅದು ಸುಪ್ರೀಂ ಕೋರ್ಟಿನ ಮುಂದೆ ನಿಂತಾಗಲೂ ಪ್ರವರ್ಗ-1ರ ಈ ಜಾಗಕ್ಕೆ ಕೈ ಹಚ್ಚಿರಲಿಲ್ಲ. ಹೀಗಿರುವಾಗ ಒಂದನೇ ತರಗತಿಗೆ ಸೇರಿಸುವ ದಿನ ರಿಜಿಸ್ಟರಿನಲ್ಲಿ ಏನು ಬರೆದರು ಎಂಬುದರ ಮೇಲೆ ಮುಂದೆ ಕಾಲೇಜಿನ ಸೀಟು, ನೌಕರಿ ನಿಲ್ಲುತ್ತವೆ. ಜಾತಿಯ ಕಾಲಮ್ಮಿನಲ್ಲಿ ಬರೀ ‘ಮುಸ್ಲಿಂ’ ಅಥವಾ ‘ಇಸ್ಲಾಂ’ ಎಂದು ಬರೆದುಬಿಟ್ಟರೆ, ಹದಿನೆಂಟನೇ ವಯಸ್ಸಿಗೆ ಆ ಹುಡುಗಿ ತಾನು ನದಾಫಳೆಂದು ಸಾಬೀತು ಮಾಡಲು ಅಪ್ಪನ ಟಿಸಿ, ಅಜ್ಜನ ಹೆಸರಿನ ಯಾವುದಾದರೂ ಹಳೆಯ ಕಾಗದ ಹುಡುಕಿಕೊಂಡು ತಹಶೀಲ್ದಾರ್ ಕಚೇರಿಯ ಮೆಟ್ಟಿಲು ಹತ್ತಬೇಕು. ಅಪ್ಪನ ಟಿಸಿಯಲ್ಲಿ ಪಿಂಜಾರ, ಅಣ್ಣನದರಲ್ಲಿ ನದಾಫ ಇದ್ದರೆ ಇನ್ನೊಂದು ಸುತ್ತು. ಈಚೆಗೆ ಹೊಸ ತೊಂದರೆಯೂ ಸೇರಿದೆ: ಇಂಗ್ಲಿಷಿನಲ್ಲಿ ದಕಾರಕ್ಕೂ ಡಕಾರಕ್ಕೂ ಒಂದೇ ಅಕ್ಷರವಾದ್ದರಿಂದ, ಅಲ್ಲಿಂದ ಕನ್ನಡಕ್ಕೆ ತಿರುಗಿಸಿದಾಗ ಹೆಸರು ‘ನಡಾಫ್’ ಆಗಿ ಅಚ್ಚಾಗುತ್ತದೆ. ಒಂದೇ ಮನೆಯ ಕಾಗದಗಳಲ್ಲಿ ನದಾಫ, ನದಾಫ್, ನಡಾಫ್ ಮೂರೂ ಇದ್ದರೆ ಕೌಂಟರಿನ ಆಚೆ ಕೂತವರು ಮೂವರು ಬೇರೆ ಬೇರೆ ಜನ ಎಂದೇ ಓದುತ್ತಾರೆ. ಮಗುವನ್ನು ಸೇರಿಸಲು ಬಂದ ತಾಯಿಯ ಬಾಯಿಂದಲೇ ಹೆಸರು ಕೇಳಿಸಿಕೊಂಡು, ದಕಾರವನ್ನು ದಕಾರವಾಗಿಯೇ ಬರೆದು, ಜಾತಿಯ ಕಾಲಮ್ಮನ್ನು ಪೂರ್ತಿ ತುಂಬಿ, ಬರೆದದ್ದನ್ನು ಒಮ್ಮೆ ಅವರಿಗೆ ಓದಿ ಹೇಳುವ ಗುರುಗಳು ಪ್ರತಿ ಶಾಲೆಯಲ್ಲೂ ಇದ್ದರೆ ಆ ಮನೆಯ ಎಷ್ಟೋ ವರ್ಷದ ಅಲೆದಾಟ ತಪ್ಪುತ್ತದೆ.